‘ಮರೆಯದಿರು ಮನವೇ’ ಎಂದ ಬಡಗಿ: ಶ್ರೀರಾಮಪುರದ ಕೃಷ್ಣ ಪಾಲ್ ಬಗ್ಗೆ ಗೊತ್ತಿದ್ದವರು ಬರೆಯಿರಿ

ತಂಬೂರಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಒಂದು ಹೆಸರಿನ ಬೆನ್ನು ಹತ್ತಿ ತಿಂಗಳಾಯಿತು. ಇಲ್ಲಿ ಹಂಚಿಕೊಳ್ಳದೆ ಇರಲಾಗುತ್ತಿಲ್ಲ.

ನಮ್ಮ ಕ್ರೈಸ್ತ ಸಭೆಯ ಗಾಯನ ತಂಡದ ಕಪಾಟು ತೆರವು ಮಾಡುವಾಗ ಬೆನ್ನು ಕಿತ್ತುಹೋದ ಇಂಗ್ಲಿಷ್ ಹಾಡಿನ ಪುಸ್ತಕವೊಂದು ಸಿಕ್ಕಿತು. ಪುಟ ತಿರುವುತ್ತಿದ್ದಾಗ, ಮನಸ್ಸಿಗೆ ‘ಮರೆಯದಿರು’ ಎಂದು ಹೇಳುವ ಒಂದು ಹಾಡಿನ ತುದಿಯಲ್ಲಿ ಸಣ್ಣಕ್ಷರದಲ್ಲಿ ‘ಕೃಷ್ಣ ಪಾಲ್’ ಎಂದಿತ್ತು. ಅಕ್ಕಪಕ್ಕದ ಹಾಡುಗಳ ಕೆಳಗೆಲ್ಲ ವಾಟ್ಸ್, ವೆಸ್ಲಿ, ಕೂಪರ್ ಎಂಬ ಇಂಗ್ಲಿಷ್ ಕವಿಗಳ ಹೆಸರು. ಅವರ ನಡುವೆ ಈ ಒಬ್ಬ ಕೃಷ್ಣ. ಚಿಕ್ಕಂದಿನಿಂದ ಹಾಡುತ್ತಾ ಬಂದವನು ನಾನು, ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

ಹುಡುಕಿದಷ್ಟು ತಿಳಿದದ್ದು ಇದು. ಹುಟ್ಟಿದ್ದು ಸುಮಾರು 1764ರಲ್ಲಿ, ಬಂಗಾಳದ ಚಂದ್ರನಗರದ ಹತ್ತಿರ. ಕಸುಬಿನಲ್ಲಿ ಬಡಗಿ. ಹೂಗ್ಲಿ ನದಿಯ ದಂಡೆಯ ಶ್ರೀರಾಮಪುರದಲ್ಲಿ ಸಂಸಾರ. ಆಗ ಆ ಊರು ಇಂಗ್ಲಿಷರದ್ದಲ್ಲ, ಡೇನರದ್ದು, ಅಂದರೆ ಡೆನ್ಮಾರ್ಕಿನವರದ್ದು. ಈಸ್ಟ್ ಇಂಡಿಯಾ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳಿಗೆ ಕಾಲಿಡಗೊಡದ ಕಾಲ ಅದು. ಹಾಗಾಗಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೂವರೂ 1800ರ ಹೊತ್ತಿಗೆ ಡೇನರ ನೆರಳಿಗೆ ಬಂದು ಅಲ್ಲಿ ಬೀಡುಬಿಟ್ಟರು. ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಏಳು ವರ್ಷ ಸುವಾರ್ತೆ ಸಾರಿದರೂ ಅಲ್ಲಿಯ ಒಬ್ಬನೇ ಒಬ್ಬ ಅವರ ಸಭೆಗೆ ಸೇರಿರಲಿಲ್ಲ. ಮೊದಲು ಸೇರಿದವನು ಈ ಕೃಷ್ಣ ಪಾಲ್, 1800ರ ಡಿಸೆಂಬರ್ 28ರಂದು.

ಎಲ್ಲ ಪುಸ್ತಕಗಳೂ ಇಲ್ಲಿಗೆ ಬಂದು ನಿಂತುಬಿಡುತ್ತವೆ. ‘ಕೇರಿಯ ಮೊದಲ ಶಿಷ್ಯ’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತವೆ. ಆದರೆ ಆ ಮನುಷ್ಯ ಅದಾದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ್ದ. ಕಲ್ಕತ್ತೆಯಿಂದ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ವರೆಗೆ ನಡೆದು ಬೋಧಿಸಿದ. ತನ್ನ ಭಾಷೆಯಲ್ಲಿ ಹಾಡು ಕಟ್ಟಿದ. ನನಗೆ ಕಾಡುತ್ತಿರುವುದು ಆ ಇಪ್ಪತ್ತು ವರ್ಷ. ಅವನನ್ನು ಬೋಧಕ, ಕವಿ ಎಂದು ನೋಡಬೇಕು ಅನ್ನುವುದು ನನ್ನ ವಾದ. ಗೊತ್ತಿದ್ದವರು ದಯವಿಟ್ಟು ಸೇರಿಸಿ.

ಉಳಿ_ಗರಗಸ, ಸಾಗರ

ತಂಬೂರಿ ಅಣ್ಣಾ, ನಾನು ಕ್ರೈಸ್ತನಲ್ಲ, ಆದರೆ ನಮ್ಮದು ಮೂರು ತಲೆಮಾರಿನ ಮರಗೆಲಸ. ಬಡಗಿಯೊಬ್ಬನ ಕಥೆ ಅಂದಮೇಲೆ ಓದದೆ ಬಿಡಲಾಗಲಿಲ್ಲ. ಕೈ ಮುರಿದಿದ್ದಕ್ಕೂ ಅವನು ಮಿಷನರಿಗಳ ಹತ್ತಿರ ಹೋಗಿದ್ದಕ್ಕೂ ಸಂಬಂಧ ಇದೆ ಅಂತ ಎಲ್ಲೋ ಕೇಳಿದ ನೆನಪು. ಅದೇನು?

ತಂಬೂರಿ, ಧಾರವಾಡ

ಇದೆ ತಮ್ಮಾ. 1800ರ ನವೆಂಬರ್ ಕೊನೆ. ಕೃಷ್ಣ ಬಿದ್ದು ತೋಳಿನ ಕೀಲು ತಪ್ಪಿತು. ಮಿಷನರಿಗಳ ಜೊತೆ ಜಾನ್ ಥಾಮಸ್ ಎಂಬ ವೈದ್ಯರಿದ್ದರು. ಕೇರಿಗಿಂತ ಮೊದಲೇ ಬಂಗಾಳಕ್ಕೆ ಬಂದಿದ್ದವರು. ಕರೆ ಹೋಯಿತು, ಬಂದರು. ಕೃಷ್ಣನನ್ನು ಒಂದು ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ ಕಟ್ಟಿದರು. ಕೇರಿ, ಮಾರ್ಷ್‌ಮನ್ ಇಬ್ಬರೂ ಎಳೆಯಲು ಕೈಜೋಡಿಸಿದರು. ಕೀಲು ಕೂತಿತು. ಅರಿವಳಿಕೆ ಇಲ್ಲದ ಕಾಲ.

ನೋವಿನಲ್ಲಿ ಅವನು ತನ್ನ ತೋಳಿನ ಬಗ್ಗೆ ಗೋಳಾಡಲಿಲ್ಲವಂತೆ. ತಾನು ಪಾಪಿ, ತನ್ನನ್ನು ಉಳಿಸಿ ಎಂದು ಅತ್ತನಂತೆ. ಥಾಮಸ್ ಅಲ್ಲೇ ಕೂತು ಪಾಪ, ಬಿಡುಗಡೆಗಳ ಮಾತಾಡಿದರು. ಆಮೇಲೆ ಕೃಷ್ಣ ವಾರ್ಡ್ ಮತ್ತು ಕೇರಿಯ ಹಿರಿಮಗ ಫೆಲಿಕ್ಸ್ ಹತ್ತಿರ ಕಲಿಯಲು ಬರತೊಡಗಿದ.

ಉಳಿ_ಗರಗಸ, ಸಾಗರ

ಈ ನೋವು ನನಗೆ ಗೊತ್ತು ಅಣ್ಣಾ. ನಾಲ್ಕು ವರ್ಷದ ಹಿಂದೆ ಅಟ್ಟದ ಏಣಿಯಿಂದ ಜಾರಿ ನನ್ನ ಭುಜ ತಪ್ಪಿತ್ತು. ಎಲುಬು ಕೂರಿಸುವಾಗ ಕಣ್ಣಿಗೆ ಕತ್ತಲೆ ಕವಿದದ್ದು ಇನ್ನೂ ನೆನಪಿದೆ. ಆದರೆ ಅದಕ್ಕಿಂತ ಹೆಚ್ಚು ಹೆದರಿಸಿದ್ದು ಮಾರನೇ ದಿನದ ಯೋಚನೆ. ತೋಳು ಜೋಳಿಗೆಯಲ್ಲಿ ತೂಗುಬಿದ್ದಿದೆ, ಉಜ್ಜುಗೊರಡು ಮೂಲೆಯಲ್ಲಿ ಬಿದ್ದಿದೆ, ಬಾಗಿಲ ಚೌಕಟ್ಟು ಅರ್ಧಕ್ಕೆ ನಿಂತಿದೆ, ಮುಂಗಡ ತಗೊಂಡ ದುಡ್ಡು ಖರ್ಚಾಗಿದೆ. ಬಡಗಿಗೆ ತೋಳು ಹೋದರೆ ಅನ್ನ ಹೋದ ಹಾಗೆ. ಆ ಹೊತ್ತಿನಲ್ಲಿ ಒಬ್ಬ ಬಂದು ಕೈ ಸರಿಮಾಡಿ ಎರಡು ಒಳ್ಳೆ ಮಾತಾಡಿದರೆ ಅದು ಎದೆಗೆ ಇಳಿಯುತ್ತೆ. ಅವನು ಅತ್ತದ್ದು ನನಗೆ ವಿಚಿತ್ರ ಅನ್ನಿಸಲ್ಲ.

ಪ್ರಶ್ನೆಮಾಲೆ, ಮೈಸೂರು

ನೇರವಾಗಿ ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ವೈದ್ಯ ಮಾಡಿದ ಉಪಕಾರಕ್ಕೆ ಋಣಬಿದ್ದು ಮತ ಬದಲಿಸಿದ ಅಂತ ಇದನ್ನೇ ಬೇರೆಯವರು ಓದಬಹುದಲ್ಲವೇ? ಉಪಕಾರದ ನೆಪದಲ್ಲಿ ಬಲೆ ಬೀಸಿದರು ಅನ್ನುವ ಮಾತಿಗೆ ನಿಮ್ಮ ಉತ್ತರ ಏನು?

ಹೂಗ್ಲಿ_ತೀರ, ಕೋಲ್ಕತ್ತ

ನಾನು ಹುಟ್ಟಿದ್ದು ಹಾಸನದಲ್ಲಿ. ಕೋಲ್ಕತ್ತದಲ್ಲಿ ನೆಲೆಸಿ ಹದಿನೆಂಟು ವರ್ಷ. ಮೈಸೂರಿನವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೃಷ್ಣ ಪಾಲ್‌ನ ಹಿಂದಿನ ಬದುಕಿನಲ್ಲಿದೆ.

ತೋಳು ತಪ್ಪಿದಾಗ ಅವನು ಮೂವತ್ತೈದು ದಾಟಿದ ಮನುಷ್ಯ. ಅದಕ್ಕೆ ಮುಂಚೆ ಹದಿನಾರು ವರ್ಷ ಅವನು ಕರ್ತಾಭಜಾ ಎಂಬ ಪಂಥದಲ್ಲಿದ್ದ. ನದಿಯಾ ಜಿಲ್ಲೆಯ ಘೋಷಪಾಡಾ ಆ ಪಂಥದ ನೆಲೆ. ಆವುಲ್‌ಚಾಂದ್ ಎಂಬ ಫಕೀರ ಅದರ ಮೂಲಪುರುಷ, ಅವನ ನಂತರ ರಾಮಶರಣ ಪಾಲ್ ಅದನ್ನು ಕಟ್ಟಿದವನು. ನೇಕಾರರು, ಬಡಗಿಗಳು, ಒಕ್ಕಲಿಗರು, ಹೆಂಗಸರು, ಮುಸಲ್ಮಾನರು ಎಲ್ಲರೂ ಅಲ್ಲಿ ಒಟ್ಟಿಗೆ ಕೂತು ಹಾಡುತ್ತಿದ್ದರು. ಆ ಕೂಟದೊಳಗೆ ಜಾತಿ ಕೇಳುತ್ತಿರಲಿಲ್ಲ, ಮನೆಗೆ ಹೋದಮೇಲೆ ಎಲ್ಲ ಮೊದಲಿನಂತೆ. ಕೃಷ್ಣ ಅಲ್ಲಿ ಬರೀ ಭಕ್ತನಾಗಿರಲಿಲ್ಲ, ಬೇರೆಯವರಿಗೆ ಹೇಳಿಕೊಡುವವನೂ ಆಗಿದ್ದ.

ಅಂದರೆ ದೇವರನ್ನು ಹುಡುಕುವುದು, ಜನರ ಮುಂದೆ ನಿಂತು ಮಾತಾಡುವುದು, ಹಾಡಿನಲ್ಲಿ ತತ್ವ ಹೇಳುವುದು, ಈ ಮೂರನ್ನೂ ಅವನಿಗೆ ಮಿಷನರಿಗಳು ಕಲಿಸಲಿಲ್ಲ. ಬರುವಾಗಲೇ ತಂದಿದ್ದ. ತೋಳು ತಪ್ಪಿದ್ದರಿಂದ ಭೇಟಿಯಾಯಿತು, ಅಷ್ಟೇ. ಹುಡುಕಾಟ ಹದಿನಾರು ವರ್ಷ ಹಳೆಯದು.

ಪ್ರಶ್ನೆಮಾಲೆ, ಮೈಸೂರು

ಇದು ಗೊತ್ತಿರಲಿಲ್ಲ, ಧನ್ಯವಾದ ಸರ್. ಹಾಗಾದರೆ ಇನ್ನೊಂದು. ಮತ ಬದಲಿಸಿದ ಮೇಲೂ ‘ಕೃಷ್ಣ’ ಅನ್ನುವ ಹೆಸರು ಹೇಗೆ ಉಳಿಯಿತು?

ತಂಬೂರಿ, ಧಾರವಾಡ

ನನಗೂ ಮೊದಲು ಅದೇ ಬೆರಗು. ಶ್ರೀರಾಮಪುರದ ಮೂವರೂ ಯೋಚಿಸಿಯೇ ಹೆಸರು ಬದಲಿಸುವುದು ಬೇಡ ಎಂದು ತೀರ್ಮಾನಿಸಿದರು. ಹೊಸ ಒಡಂಬಡಿಕೆಯಲ್ಲೇ ಗ್ರೀಕ್ ದೇವತೆಗಳ ಹೆಸರಿಟ್ಟುಕೊಂಡ ಭಕ್ತರಿದ್ದಾರೆ, ಅಪೊಸ್ತಲರು ಅವರ ಹೆಸರು ಬದಲಿಸಲಿಲ್ಲ ಅನ್ನುವುದು ಅವರ ಆಧಾರ. ಹಾಗಾಗಿ ಆ ಮೊದಲ ಸಭೆಯ ಪಟ್ಟಿಯಲ್ಲಿ ಕೃಷ್ಣ, ಗೋಕುಲ, ಜಯಮಣಿ, ಪೀತಾಂಬರ ಎಲ್ಲರೂ ತಂದೆತಾಯಿ ಇಟ್ಟ ಹೆಸರಲ್ಲೇ ಇದ್ದಾರೆ. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ನನ್ನ ಹೆಸರನ್ನೂ ನಮ್ಮ ಅಜ್ಜಿ ಅಚ್ಚಗನ್ನಡದಲ್ಲೇ ಇಟ್ಟಿದ್ದು.

ಶಾಂತಕ್ಕ, ಉಡುಪಿ

ಮನೆಯವರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಬೆಲೆ ತೆತ್ತವರು ಅವರೂ ಹೌದು.

ಡಿಸೆಂಬರ್ 22ರಂದು ಕೃಷ್ಣ ಮತ್ತು ಅವನ ಗೆಳೆಯ ಗೋಕುಲ ಮಿಷನರಿಗಳ ಜೊತೆ ಪಂಕ್ತಿಯಲ್ಲಿ ಕೂತು ಉಂಡರು. ಮಿಷನರಿಗಳಿಗೆ ಅದು ಒಂದು ಊಟ. ಊರಿಗೆ ಅದು ಜಾತಿ ಬಿಟ್ಟ ಘೋಷಣೆ. ಮಾರನೇ ದಿನ ಸುಮಾರು ಎರಡು ಸಾವಿರ ಜನ ಸೇರಿ ಕೃಷ್ಣನನ್ನು ಬೈದು ಎಳೆದುಕೊಂಡು ಅಧಿಕಾರಿಯ ಹತ್ತಿರ ಹೋದರು. ಅಲ್ಲಿ ಬಿಡುಗಡೆಯಾಯಿತು. ಆಗ ಜನ ಮಗಳ ಸಂಬಂಧದ ವಿಷಯ ಎತ್ತಿದರು. ಗೊಲೋಕ್ ಎಂಬ ಆ ಹುಡುಗಿಗೆ ಮೊದಲೇ ಗಂಡು ಗೊತ್ತಾಗಿತ್ತು. ಮುಂದೆ ಆ ಕಡೆಯವರು ಅವಳನ್ನು ಬಲವಂತವಾಗಿ ಕಲ್ಕತ್ತೆಗೆ ಹೊತ್ತೊಯ್ದರು.

ಈ ಗಲಾಟೆಯಿಂದಾಗಿ ದೀಕ್ಷಾಸ್ನಾನಕ್ಕೆ (ಸಭೆಗೆ ಸೇರುವವರು ನೀರಿನಲ್ಲಿ ಮುಳುಗುವ ವಿಧಿಗೆ) ಸಿದ್ಧರಾಗಿದ್ದ ಗೋಕುಲ, ಕೃಷ್ಣನ ಹೆಂಡತಿ ರಾಸು, ನಾದಿನಿ ಜಯಮಣಿ ಮೂವರೂ ಡಿಸೆಂಬರ್ 28ರ ಆ ಭಾನುವಾರ ಹಿಂಜರಿದರು. ನದಿಗೆ ಇಳಿದದ್ದು ಕೃಷ್ಣನೊಬ್ಬನೇ, ಜೊತೆಗೆ ಫೆಲಿಕ್ಸ್. ಕೆಲವು ದಿನಗಳಲ್ಲೇ, 1801ರ ಜನವರಿಯಲ್ಲಿ, ಜಯಮಣಿ ಮುಂದೆ ಬಂದಳು. ನಾನು ಒಬ್ಬ ಹೆಂಗಸಾಗಿ ಓದುವಾಗ ಅವಳ ಧೈರ್ಯವೇ ದೊಡ್ಡದಾಗಿ ಕಾಣುತ್ತೆ. ಕೃಷ್ಣನಿಗೆ ಏನಾಯಿತು ಎಂದು ಕಣ್ಣಾರೆ ನೋಡಿದ ಮೇಲೆ ಅವಳು ಇಳಿದದ್ದು.

ತಂಬೂರಿ, ಧಾರವಾಡ

ಶಾಂತಕ್ಕಾ, ನೀವು ಬರೆದದ್ದು ಓದಿ ನನ್ನ ಮೊದಲ ಟಿಪ್ಪಣಿ ಎಷ್ಟು ಬರಿದಾಗಿತ್ತು ಅನ್ನಿಸಿತು. ಒಪ್ಪಿದೆ.

ಆ ಭಾನುವಾರದ ಬಗ್ಗೆ ಇನ್ನೊಂದು ಮಾತು. ಬ್ಯಾಪ್ಟಿಸ್ಟರಲ್ಲಿ ಎಳೆಗೂಸಿಗೆ ಸ್ನಾನ ಇಲ್ಲ. ತಿಳಿವಳಿಕೆ ಬಂದವರು ಸ್ವಂತ ಬಾಯಿಂದ ನಂಬಿಕೆ ಹೇಳಿ ನೀರಿನಲ್ಲಿ ಪೂರ್ತಿ ಮುಳುಗಬೇಕು. ನದಿಯ ಸ್ನಾನಘಟ್ಟದಲ್ಲಿ ಡೇನರ ಗವರ್ನರ್ ಓಲೆ ಬೀ, ಯುರೋಪಿಯನ್ನರು, ಪೋರ್ಚುಗೀಸರು, ಹಿಂದೂಗಳು, ಮುಸಲ್ಮಾನರು ಸೇರಿದ್ದರು. ಕೇರಿ ಬಂಗಾಳಿಯಲ್ಲೇ ಹೇಳಿದರು, ಈ ನದಿ ಪವಿತ್ರವೆಂದು ನಾವು ಇಲ್ಲಿಗೆ ಬಂದಿಲ್ಲ, ಇದು ಬರೀ ನೀರು ಎಂದು. ಗವರ್ನರ್ ಕಣ್ಣೊರೆಸಿಕೊಂಡರಂತೆ. ಅದೇ ದಿನ ಮಧ್ಯಾಹ್ನ ಮೊದಲ ಬಾರಿಗೆ ಬಂಗಾಳಿಯಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ ನಡೆಯಿತು.

ತೋಳು ಕೂರಿಸಿದ ಥಾಮಸ್ ಮಾತ್ರ ಇದನ್ನು ನೋಡಲಿಲ್ಲ. ಇಷ್ಟು ವರ್ಷ ಕಾದದ್ದು ಕೈಗೂಡಿದ ಆನಂದಕ್ಕೆ ಆತನ ಬುದ್ಧಿ ಕದಡಿಹೋಗಿತ್ತು. ಕೋಣೆಯಲ್ಲಿ ಕೂಡಿಹಾಕಿದ್ದರು. ಇನ್ನೊಂದು ಕೋಣೆಯಲ್ಲಿ ಕೇರಿಯ ಹೆಂಡತಿ ಡೊರೋಥಿ, ಆಕೆಗೆ ಮಗ ತೀರಿಕೊಂಡ ದುಃಖದಿಂದ ವರ್ಷಗಳ ಹಿಂದೆಯೇ ಚಿತ್ತ ಸ್ವಾಧೀನ ತಪ್ಪಿತ್ತು. ಹೊರಗೆ ಹಾಡು, ಒಳಗೆ ಇಬ್ಬರ ಕೂಗು. ಥಾಮಸ್ 1801ರಲ್ಲೇ ತೀರಿಕೊಂಡರು.

ಹೂಗ್ಲಿ_ತೀರ, ಕೋಲ್ಕತ್ತ

ಕಳೆದ ವಾರ ಈ ಚರ್ಚೆ ಓದಿದ ಮೇಲೆ ಭಾನುವಾರ ಹೌರಾದಿಂದ ಲೋಕಲ್ ಹಿಡಿದು ಶ್ರೀರಾಮಪುರಕ್ಕೆ ಹೋಗಿ ಬಂದೆ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. 1818ರಲ್ಲಿ ಶುರುವಾದ ಕಾಲೇಜು ನದಿಗೆ ಮುಖಮಾಡಿ ನಿಂತಿದೆ. ಎದುರು ದಡದಲ್ಲಿ ಬ್ಯಾರಕ್‌ಪುರ. ಘಟ್ಟದ ಮೆಟ್ಟಿಲಿನ ಕೊನೆಯಲ್ಲಿ ಕೆಸರು, ನೀರಿನ ಬಣ್ಣವೂ ಕೆಸರೇ. ಒಬ್ಬ ಹುಡುಗ ಅಲ್ಲಿ ಸೈಕಲ್ ತೊಳೆಯುತ್ತಿದ್ದ. ಸ್ವಲ್ಪ ಹೊತ್ತು ಕೂತು ಎದ್ದುಬಂದೆ.

ಊರಿಗೆ ಬರುವವರು ಕೇರಿಯ ಸಮಾಧಿ ಕೇಳುತ್ತಾರೆ, ಡೇನರ ಚರ್ಚು ಕೇಳುತ್ತಾರೆ. ಕೃಷ್ಣ ಪಾಲ್ ಬಗ್ಗೆ ಕೇಳಿದಾಗ ರಿಕ್ಷಾದವರು ಮುಖ ಮುಖ ನೋಡಿದರು. ಅವನು ತನ್ನ ಮನೆಯ ಹತ್ತಿರ ಸ್ವಂತ ಖರ್ಚಿನಲ್ಲಿ ಒಂದು ಸಣ್ಣ ಪ್ರಾರ್ಥನಾಮಂದಿರ ಕಟ್ಟಿದ್ದ. ಕೇರಿ ಅದರಲ್ಲಿ ನಿಂತು ಬೋಧನೆ ಮಾಡಿದ್ದರು. ಬಡಗಿ ತಾನೇ ಕಂಬ ನಿಲ್ಲಿಸಿ ಕಟ್ಟಿದ ದೇವರ ಮನೆ ಎಂದು ನಾನು ಊಹಿಸಿಕೊಂಡೆ.

ಬಳ್ಳಾರಿ_ಅಜ್ಜ

ಮಕ್ಕಳೇ, ನಿವೃತ್ತ ಕನ್ನಡ ಮಾಸ್ತರ ನಾನು. ಎರಡು ಸಂಗತಿ ಹೇಳ್ತೀನಿ.

ಒಂದು, ಶ್ರೀರಾಮಪುರಕ್ಕೂ ನಮಗೂ ನಂಟಿದೆ. ವಿಲಿಯಂ ಕೇರಿ ಬರೆದ ‘ಕರ್ನಾಟ’ ಭಾಷೆಯ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅದೇ ಊರಿನಲ್ಲಿ. ಕೃಷ್ಣ ಪಾಲ್ ಆಗ ಬದುಕಿದ್ದ. ಅಲ್ಲಿಯ ಅಚ್ಚುಮೊಳೆ ಕೊರೆದವರು ಪಂಚಾನನ ಕರ್ಮಕಾರ, ಅವನ ಅಳಿಯ ಮನೋಹರ, ಕಮ್ಮಾರ ಮನೆತನದವರು. ಅಂದರೆ ಮಿಷನರಿಗಳ ಹೆಸರಲ್ಲಿ ನಾವು ಓದುವ ಕೆಲಸದ ಕೆಳಗೆ ಕಮ್ಮಾರನ ಕೈ ಇದೆ, ಬಡಗಿಯ ದನಿ ಇದೆ.

ಎರಡು, ಆ ಹಾಡು. ಅದು ದೇವರನ್ನು ಕರೆಯುವ ಹಾಡಲ್ಲ. ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಹೇಳುವ ಹಾಡು: ನಿನ್ನ ದುಃಖ ಹೊತ್ತ ಗೆಳೆಯನನ್ನು ಮರೀಬೇಡ ಅಂತ. ಈ ವರಸೆ ನಮಗೆ ಹೊಸದೇ? ನಮ್ಮ ದಾಸರು, ತತ್ವಪದದವರು ಎಷ್ಟು ಸಾರಿ ಮನಸ್ಸನ್ನು ಕರೆದು ಬುದ್ಧಿ ಹೇಳಿಲ್ಲ! ಬಂಗಾಳದ ಬಾವುಲರು ಅನ್ನುವ ಅಲೆಮಾರಿ ಹಾಡುಗಾರರೂ ಹಾಗೇ ಹಾಡ್ತಾರೆ. ಇತ್ತ 103ನೇ ಕೀರ್ತನೆಯನ್ನು ಕನ್ನಡ ಬೈಬಲಿನಲ್ಲಿ ತೆಗೆದು ನೋಡಿ, ಅದೂ ‘ನನ್ನ ಮನವೇ’ ಎಂದೇ ಶುರುವಾಗಿ ಉಪಕಾರ ಮರೆಯಬೇಡ ಅನ್ನುತ್ತೆ. ಎರಡು ಹೊಳೆ ಕೂಡಿದ ಜಾಗದಲ್ಲಿ ಆ ಬಡಗಿ ನಿಂತಿದ್ದ.

ತಂಬೂರಿ, ಧಾರವಾಡ

ಮಾಸ್ತರ್, ನಿಮ್ಮ ಮಾತು ಓದಿ ಎದ್ದು ನಿಂತೆ. ನಾನು ಹೇಳಲು ಒದ್ದಾಡುತ್ತಿದ್ದುದು ಇದನ್ನೇ.

ಇನ್ನೊಂದು ಆಧಾರ ಕೊಡ್ತೀನಿ. ಮಾರ್ಷ್‌ಮನ್ ಇಂಗ್ಲಿಷಿಗೆ ತಂದ ಹಳೆಯ ಪಾಠದ ಎರಡನೇ ಚರಣದಲ್ಲಿ ‘ಬ್ರಹ್ಮ ನಿನಗಾಗಿ ಮೈ ತಾಳಿದ’ ಎಂಬರ್ಥದ ಸಾಲಿದೆ, ‘ಬ್ರಹ್ಮ’ ಪದವನ್ನು ಹಾಗೆಯೇ ಉಳಿಸಿದ್ದಾರೆ. ಮುಂದಿನ ಹಾಡಿನ ಪುಸ್ತಕಗಳಲ್ಲಿ ಆ ಜಾಗಕ್ಕೆ ‘ಯೇಸು’ ಬಂತು. ಕವಿ ತನ್ನ ನೆರೆಹೊರೆಯವರ ಜೊತೆ ಅವರ ಪದದಲ್ಲೇ ಮಾತಾಡಿದ್ದ. ಯಾವ ಪಾಠಶಾಲೆಯಲ್ಲೂ ದೇವರಶಾಸ್ತ್ರ ಓದದವನು ಒಂದೇ ಸಾಲಿನಲ್ಲಿ ಅವತಾರದ ಮಾತು ಮುಗಿಸಿದ್ದಾನೆ. ಅದೇ ಚರಣದಲ್ಲಿ ಸಾಲ ತೀರಿಸುವ ಮಾತಿದೆ, ಬೇಡಿ ಕಡಿಯುವ ಮಾತಿದೆ. ಸಾಲ ಎಂದರೇನು ಎಂದು ಬಡಗಿಯ ಮನೆಗೆ ಯಾರೂ ವಿವರಿಸಬೇಕಿಲ್ಲ.

ಶಾಂತಕ್ಕ, ಉಡುಪಿ

ನಮ್ಮ ಕಡೆಯದನ್ನೂ ಸೇರಿಸ್ತೇನೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಅದಕ್ಕೆ ಅರವತ್ತು ವರ್ಷ ಮೊದಲೇ ಬಂಗಾಳದಲ್ಲಿ ಈ ದಾರಿ ತುಳಿದವನು ಕೃಷ್ಣ. ಕಿಟ್ಟೆಲ್ ಹೊರಗಿಂದ ಬಂದು ಕಲಿತರು, ಇವನು ಒಳಗೇ ಹುಟ್ಟಿದವನು. ಆ ವ್ಯತ್ಯಾಸ ಸಣ್ಣದಲ್ಲ.

ಉಳಿ_ಗರಗಸ, ಸಾಗರ

ಬೋಧಕನಾಗಿ ಏನು ಮಾಡಿದ ಅಂತ ಯಾರಾದರೂ ಬಿಡಿಸಿ ಹೇಳಿ.

ಹೂಗ್ಲಿ_ತೀರ, ಕೋಲ್ಕತ್ತ

ಕಲ್ಕತ್ತೆಯಲ್ಲಿ ಹಲವು ವರ್ಷ ಮನೆಮನೆ ತಿರುಗಿ, ಸೆರೆಮನೆಗೂ ಹೋಗಿ ಬೋಧಿಸಿದ. 1813ರಲ್ಲಿ ಸಿಲ್ಹೆಟ್ ಕಡೆ ಹೊರಟು ಈಗಿನ ಮೇಘಾಲಯದ ಖಾಸಿ ಬೆಟ್ಟದ ಬುಡದ ಪಾಂಡುವಾ ತಲುಪಿದ. ಅಲ್ಲಿ ಏಳು ಮಂದಿಗೆ ದೀಕ್ಷಾಸ್ನಾನ ಕೊಟ್ಟ. ಅವರಲ್ಲಿ ಇಬ್ಬರು ಖಾಸಿಗಳು. ಖಾಸಿ ಕ್ರೈಸ್ತರ ಕಥೆಯನ್ನು ಎಲ್ಲರೂ ವೇಲ್ಸ್‌ನಿಂದ 1841ರಲ್ಲಿ ಬಂದ ಥಾಮಸ್ ಜೋನ್ಸ್‌ನಿಂದ ಶುರುಮಾಡುತ್ತಾರೆ. ಅದಕ್ಕೆ ಇಪ್ಪತ್ತೆಂಟು ವರ್ಷ ಮೊದಲು ಬಂಗಾಳಿ ಬಡಗಿಯೊಬ್ಬ ಅಲ್ಲಿಗೆ ಹೋಗಿದ್ದ. ಭಾಷೆ ಬೇರೆ, ಊಟ ಬೇರೆ, ವಯಸ್ಸು ಐವತ್ತರ ಹತ್ತಿರ. ಮೇಘಾಲಯದ ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಕೂಡಲೇ ಅವನ ಹೆಸರು ಹೇಳಿದರು. ಕೋಲ್ಕತ್ತದಲ್ಲಿ ಮರೆತವನು ಶಿಲ್ಲಾಂಗಿನಲ್ಲಿ ನೆನಪಿದ್ದಾನೆ.

ಬಳ್ಳಾರಿ_ಅಜ್ಜ

ಸಾರುವುದು ಅಂದರೆ ಬಾಯಿಮಾತು ಮಾತ್ರವೇ? 1803ರಲ್ಲಿ ಅವನ ಮಗಳು ಆನಂದಮಯಿಯನ್ನು ಕೃಷ್ಣಪ್ರಸಾದ ಎಂಬ ಬ್ರಾಹ್ಮಣ ಹುಡುಗನಿಗೆ ಮದುವೆ ಮಾಡಿಕೊಟ್ಟರು. ಮನೆಯ ಮುಂದಿನ ಮರದ ಕೆಳಗೆ ಕೇರಿ ಮದುವೆ ನಡೆಸಿದರು. ಬಡಗಿಯ ಮಗಳು, ಬ್ರಾಹ್ಮಣ ವರ, 1803! ನೂರು ಬೋಧನೆಗಿಂತ ಆ ಮರದ ನೆರಳು ಹೆಚ್ಚು ಹೇಳಿತು ಅಂತ ನನ್ನ ಅಭಿಪ್ರಾಯ.

ತಂಬೂರಿ, ಧಾರವಾಡ

ಅದೇ ವರ್ಷ ಗೋಕುಲ ತೀರಿಕೊಂಡ. ಜೊತೆಗೆ ಕೂತು ಉಂಡ ಅದೇ ಗೋಕುಲ. ಯುರೋಪಿಯನ್ನರ ಹೆಣ ಹೊರಲು ಅಲ್ಲಿ ಕೂಲಿಯವರಿದ್ದರು, ಹಿಂದೂಗಳ ಹೆಣಕ್ಕೆ ಜಾತಿಯವರಿದ್ದರು. ಜಾತಿ ಬಿಟ್ಟವನ ಹೆಣ ಹೊರುವವರು ಯಾರು? ಊರೆಲ್ಲ ನೋಡಲು ಬಂದಿತ್ತು. ಕೃಷ್ಣ ಪೆಟ್ಟಿಗೆಯ ಒಳಗೂ ಹೊರಗೂ ಬಿಳಿ ಮಸ್ಲಿನ್ ಹೊದಿಸಿದ್ದ, ತನ್ನ ಖರ್ಚಿನಲ್ಲಿ. ಹೆಗಲು ಕೊಟ್ಟವರು ನಾಲ್ವರು: ಮಾರ್ಷ್‌ಮನ್, ಫೆಲಿಕ್ಸ್ ಕೇರಿ, ಬ್ರಾಹ್ಮಣನಾಗಿದ್ದ ಭೈರವ, ಮುಸಲ್ಮಾನನಾಗಿದ್ದ ಪೀರು. ಬಂಗಾಳಿಯಲ್ಲಿ ಹಾಡುತ್ತಾ ಗೋರಿಯವರೆಗೆ ನಡೆದರು.

ನಾನು ಎಷ್ಟೋ ಶವಸಂಸ್ಕಾರಗಳಲ್ಲಿ ಹಾಡಿದ್ದೇನೆ. ಹೆಗಲು ಕೊಡುವಾಗ ಪೆಟ್ಟಿಗೆಯ ಅಂಚು ಭುಜದ ಮೂಳೆಗೆ ಒತ್ತುತ್ತದೆ, ಉಸಿರು ಹಿಡಿದು ಹಾಡಬೇಕಾಗುತ್ತದೆ. ಹಾಗಾಗಿ ಈ ದೃಶ್ಯ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಕೃಷ್ಣ ಪಾಲ್ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಪ್ರಶ್ನೆಮಾಲೆ, ಮೈಸೂರು

ಸರ್, ಆ ಹಾಡು ಕನ್ನಡದಲ್ಲಿ ಓದಬೇಕು ಅನ್ನಿಸ್ತಿದೆ. ನೀವೇ ಪ್ರಯತ್ನ ಮಾಡಬಾರದೇಕೆ?

ತಂಬೂರಿ, ಧಾರವಾಡ

ಎರಡು ದಿನ ತಿಣುಕಿದೆ. ಮೊದಲ ಚರಣ ಮಾತ್ರ ಆಗಿದೆ:

ಮರೆಯದಿರು ಮನವೇ, ಮರೆಯದಿರು
ನಿನ್ನಳಲೆಲ್ಲವ ಹೊತ್ತವನ;
ಮರೆತರೆ ಮರೆ ನೀ ಉಳಿದೆಲ್ಲವನು,
ಮರೆಯದಿರಾ ಗೆಳೆಯನೊಬ್ಬನ.

ಶಾಂತಕ್ಕ, ಉಡುಪಿ

ಚೆನ್ನಾಗಿದೆ. ಆದರೆ ಮೂರನೇ ಸಾಲು ಇಂಗ್ಲಿಷಿನಲ್ಲಿ ‘ಎಲ್ಲ ವಿಗ್ರಹಗಳನ್ನೂ ಮರೆ’ ಎಂದಿದೆ. ನೀವು ಅದನ್ನು ‘ಉಳಿದೆಲ್ಲವನು’ ಮಾಡಿದ್ದೀರಿ. ಅವನು ಹೇಳಿದ್ದನ್ನು ನಾವು ಮೆತ್ತಗೆ ಮಾಡುವುದು ಸರಿಯೇ? ಎರಡು ಸಾವಿರ ಜನರ ಎದುರು ನಿಂತವನು ಅವನು.

ತಂಬೂರಿ, ಧಾರವಾಡ

ಸರಿಯಾಗಿ ಹಿಡಿದಿರಿ ಅಕ್ಕಾ. ಇಲ್ಲಿ ಎಲ್ಲ ಮತದವರೂ ಓದುತ್ತಾರೆಂದು ಕೈ ಹಿಂಜರಿಯಿತು. ಅವನ ಮಾತು ಅವನದ್ದಾಗಿಯೇ ಇರಬೇಕು. ಮೂರನೇ ಸಾಲು ತಿದ್ದಿ ಮತ್ತೆ ಹಾಕ್ತೀನಿ.

ಉಳಿ_ಗರಗಸ, ಸಾಗರ

ನನಗೂ ಬೇಸರವಿಲ್ಲ ಅಣ್ಣಾ, ಅವನು ಹೇಳಿದ್ದನ್ನೇ ಬರೆಯಿರಿ. ಎರಡನೇ ಸಾಲಿನ ‘ಹೊತ್ತವನ’ ಮಾತ್ರ ಬದಲಿಸಬೇಡಿ. ಹೊರುವ ಕೆಲಸ ಗೊತ್ತಿದ್ದವರಿಗೆ ಆ ಪದದ ಭಾರ ಗೊತ್ತು.

ಬಳ್ಳಾರಿ_ಅಜ್ಜ

ಎರಡನೇ ಚರಣದಲ್ಲಿ ‘ಬ್ರಹ್ಮ’ ಪದವನ್ನೇ ಇಡು ತಂಬೂರಿ. ಮಾತ್ರೆ ಕೂರದಿದ್ದರೆ ನನಗೆ ಕಳಿಸು, ಕೂತು ಸರಿಮಾಡೋಣ.

ತಂಬೂರಿ, ಧಾರವಾಡ

ಆಗಲಿ ಮಾಸ್ತರ್. ಶುಕ್ರವಾರ ಅಭ್ಯಾಸ ಇದೆ, ಅಷ್ಟರೊಳಗೆ ಎರಡೂ ಚರಣ ಕಳಿಸ್ತೀನಿ.